ರೋಗಿಯನ್ನು ಮುಟ್ಟುವ ಮುನ್ನ

ಮೇ ತಿಂಗಳಲ್ಲಿ ಒಂದೇ ವಾರದ ಅಂತರದಲ್ಲಿ ಎರಡು ದಿನಾಚರಣೆಗಳು ಬರುತ್ತವೆ. 5ನೆಯ ತಾರೀಖು, ವಿಶ್ವ ಆರೋಗ್ಯ ಸಂಸ್ಥೆಯು 2009ರಿಂದ ನಡೆಸಿಕೊಂಡು ಬಂದಿರುವ ಕೈ ಶುಚಿತ್ವದ ದಿನ. 12ನೆಯ ತಾರೀಖು, ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ, ಜಗತ್ತಿನ ಶುಶ್ರೂಷಕರೆಲ್ಲರ ದಿನ. ನಮ್ಮ ನಾಡಿನ ನರ್ಸಿಂಗ್ ಕಾಲೇಜುಗಳಲ್ಲಿ ಈ ಎರಡು ದಿನಗಳೂ ಸಡಗರದಿಂದ ನಡೆಯುತ್ತವೆ. ಸಮವಸ್ತ್ರ ತೊಟ್ಟ ವಿದ್ಯಾರ್ಥಿಗಳು ಭಿತ್ತಿಪತ್ರ ಬರೆಯುತ್ತಾರೆ, ಕೈ ತೊಳೆಯುವ ಹಂತಗಳನ್ನು ಹಾಡಿಗೆ ಹೊಂದಿಸಿ ಕುಣಿದು ತೋರಿಸುತ್ತಾರೆ, ದೀಪ ಹಿಡಿದು ಪ್ರತಿಜ್ಞೆ ಸ್ವೀಕರಿಸುತ್ತಾರೆ. ಮುಖ್ಯ ಅತಿಥಿಗಳು ಮೆಚ್ಚಿ ಮಾತನಾಡುತ್ತಾರೆ. ಮರುದಿನ ಬೆಳಿಗ್ಗೆ ಅದೇ ವಿದ್ಯಾರ್ಥಿಗಳು ವಾರ್ಡಿಗೆ ಹೋಗುತ್ತಾರೆ. ಅಲ್ಲಿ ಅವರ ಕೈಗಳಿಗೆ ಏನಾಗುತ್ತದೆ ಎಂಬುದನ್ನು ಕುರಿತು ನಾವು ಈ ಸಲ ಕೆಲವು ಮಾತುಗಳನ್ನು ಸ್ವಲ್ಪ ನಿಷ್ಠುರವಾಗಿಯೇ ಹೇಳಬೇಕಾಗಿದೆ.

ಮೊದಲು ವಿಷಯದ ಗಾಂಭೀರ್ಯ. ಒಂದು ರೋಗಕ್ಕೆಂದು ಆಸ್ಪತ್ರೆ ಸೇರಿದವರಿಗೆ ಆಸ್ಪತ್ರೆಯಲ್ಲಿಯೇ ಬೇರೊಂದು ಸೋಂಕು ತಗಲುವುದುಂಟು. ಶಸ್ತ್ರಚಿಕಿತ್ಸೆಯ ಗಾಯ ಕೀವಾಗುವುದು, ಮೂತ್ರಕ್ಕೆ ಹಾಕಿದ ಕೊಳವೆಯ ಮೂಲಕ ಸೋಂಕು ಏರುವುದು, ರಕ್ತನಾಳಕ್ಕೆ ಚುಚ್ಚಿದ ಸೂಜಿಯ ಜಾಗದಿಂದ ನಂಜು ರಕ್ತಕ್ಕೆ ಇಳಿಯುವುದು, ಉಸಿರಾಟದ ಯಂತ್ರಕ್ಕೆ ಜೋಡಿಸಿದವರ ಶ್ವಾಸಕೋಶ ಕೆಡುವುದು ಇವೆಲ್ಲ ಆ ಬಗೆಯವು. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಹೊರತಂದ ವರದಿಯ ಪ್ರಕಾರ, ತೀವ್ರ ಚಿಕಿತ್ಸೆಯ ಆಸ್ಪತ್ರೆಗಳಿಗೆ ಸೇರುವ ನೂರು ರೋಗಿಗಳಲ್ಲಿ ಶ್ರೀಮಂತ ದೇಶಗಳಲ್ಲಿ 7 ಮಂದಿಗೆ, ಮಧ್ಯಮ ಮತ್ತು ಕಡಿಮೆ ವರಮಾನದ ದೇಶಗಳಲ್ಲಿ 15 ಮಂದಿಗೆ ಇಂಥ ಒಂದಾದರೂ ಸೋಂಕು ತಗಲುತ್ತದೆ. ನಮ್ಮ ದೇಶ ಎರಡನೆಯ ಗುಂಪಿಗೆ ಸೇರಿದ್ದು. "ಆಪರೇಷನ್ ಚೆನ್ನಾಗಿಯೇ ಆಗಿತ್ತು, ನಾಲ್ಕನೆಯ ದಿನ ಯಾಕೋ ಜ್ವರ ಏರಿತು" ಎಂದು ಮನೆಯವರು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಆ 'ಯಾಕೋ' ಎಂಬುದಕ್ಕೆ ಬಹಳ ಸಲ ಕಾರಣವಿರುತ್ತದೆ. ಒಬ್ಬ ರೋಗಿಯಿಂದ ಇನ್ನೊಬ್ಬ ರೋಗಿಗೆ ಸೂಕ್ಷ್ಮಾಣುಗಳು ದಾಟುವ ಹಾದಿಗಳಲ್ಲಿ ಬಲು ಸಾಮಾನ್ಯವಾದದ್ದು ಆರೈಕೆ ಮಾಡುವವರ ಕೈ.

ಆರೈಕೆ ಮಾಡುವ ಕೈಯೇ ಕೊಲ್ಲುವ ಕೈಯೂ ಆಗಬಹುದೆಂಬ ಅರಿವು ಲೋಕಕ್ಕೆ ಬಂದ ಬಗೆಯನ್ನು ನರ್ಸಿಂಗ್ ಪಠ್ಯಗಳು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಅದು ಅಷ್ಟಕ್ಕೆ ಮುಗಿಯುವ ಕಥೆಯಲ್ಲ. 1847ರ ವಿಯೆನ್ನಾ ನಗರ. ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಹೆರಿಗೆಗೆಂದು ಎರಡು ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳು ಕಲಿಯುತ್ತಿದ್ದರು. ಎರಡನೆಯದರಲ್ಲಿ ಸೂಲಗಿತ್ತಿಯ ವಿದ್ಯೆ ಕಲಿಯುವ ಹೆಂಗಸರು. ಕಟ್ಟಡ ಒಂದೇ, ಊಟ ಒಂದೇ, ಗಾಳಿ ಒಂದೇ. ಆದರೆ ಮೊದಲನೆಯ ವಿಭಾಗದಲ್ಲಿ ಬಾಣಂತಿ ಜ್ವರದಿಂದ ಸಾಯುವವರ ಪ್ರಮಾಣ ಎರಡನೆಯದರ ಎರಡು ಪಟ್ಟಿಗೂ ಮೀರಿತ್ತು. ಊರಿನ ಬಡ ಹೆಂಗಸರಿಗೆ ಇದು ತಿಳಿದಿತ್ತು. ತಮ್ಮನ್ನು ಎರಡನೆಯ ವಿಭಾಗಕ್ಕೆ ಸೇರಿಸಿಕೊಳ್ಳಿರೆಂದು ಅವರು ಮೊಣಕಾಲೂರಿ ಬೇಡುತ್ತಿದ್ದರಂತೆ. ಪಂಡಿತರು ಮಾತ್ರ ಹವೆ, ಭಯ, ದೇಹಪ್ರಕೃತಿ ಎಂದು ನಾನಾ ಕಾರಣ ಹುಡುಕುತ್ತಿದ್ದರು.

ಅಲ್ಲಿ ಕಿರಿಯ ವೈದ್ಯರಾಗಿದ್ದ ಇಗ್ನಾಜ್ ಸೆಮ್ಮೆಲ್‌ವೈಸ್ ಅವರ ಕಣ್ಣು ತೆರೆಸಿದ್ದು ಒಬ್ಬ ಗೆಳೆಯನ ಸಾವು. ಯಾಕೊಬ್ ಕೊಲೆಚ್ಕಾ ಎಂಬ ಪ್ರಾಧ್ಯಾಪಕರು ಶವಪರೀಕ್ಷೆ ಮಾಡಿಸುವಾಗ ವಿದ್ಯಾರ್ಥಿಯ ಚೂರಿ ತಗುಲಿ, ಆ ಗಾಯದಿಂದಲೇ ತೀರಿಕೊಂಡರು. ಅವರ ದೇಹದಲ್ಲಿ ಕಂಡ ವಿಕಾರಗಳು ಬಾಣಂತಿಯರ ದೇಹದಲ್ಲಿ ಕಾಣುತ್ತಿದ್ದವುಗಳನ್ನೇ ಹೋಲುತ್ತಿದ್ದವು. ವೈದ್ಯ ವಿದ್ಯಾರ್ಥಿಗಳು ಬೆಳಿಗ್ಗೆ ಶವಾಗಾರದಲ್ಲಿ ಪಾಠ ಕಲಿತು ಅಲ್ಲಿಂದ ನೇರವಾಗಿ ಹೆರಿಗೆ ಕೋಣೆಗೆ ಬರುತ್ತಿದ್ದರು. ಸೂಲಗಿತ್ತಿ ವಿದ್ಯಾರ್ಥಿನಿಯರಿಗೆ ಶವಪರೀಕ್ಷೆಯ ಪಾಠವೇ ಇರಲಿಲ್ಲ. ಸೆಮ್ಮೆಲ್‌ವೈಸ್ ಅವರು ಮೇ ತಿಂಗಳ ನಡುವಿನಿಂದ ಎಲ್ಲರೂ ಕ್ಲೋರಿನ್ ಬೆರೆಸಿದ ಸುಣ್ಣದ ದ್ರಾವಣದಲ್ಲಿ ಕೈ ತೊಳೆದೇ ಒಳಗೆ ಬರಬೇಕೆಂದು ಕಟ್ಟುಮಾಡಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18ನ್ನು ಮೀರಿದ್ದ ಸಾವು ಜೂನ್‌ನಲ್ಲಿ 2ರ ಆಸುಪಾಸಿಗೆ ಇಳಿಯಿತು.

ಆ ಕಾಲದ ಹಿರಿಯ ವೈದ್ಯರು ಇದನ್ನು ಒಪ್ಪಲಿಲ್ಲ, ಸೆಮ್ಮೆಲ್‌ವೈಸ್ 1865ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ತೀರಿಕೊಂಡರು ಎಂಬುದು ಹಲವರಿಗೆ ತಿಳಿದ ಸಂಗತಿ. ನಮಗೆ ಮುಖ್ಯವಾಗಿ ಕಾಣುವುದು ಬೇರೊಂದು. ಅಲ್ಲಿ ಸಾವನ್ನು ಹೊತ್ತು ತರುತ್ತಿದ್ದವರು ವಿದ್ಯಾರ್ಥಿಗಳು. ಅವರು ಸೋಮಾರಿಗಳಾಗಿರಲಿಲ್ಲ, ದುಷ್ಟರಂತೂ ಅಲ್ಲ. ಗುರುಗಳು ಹಾಕಿಕೊಟ್ಟ ವೇಳಾಪಟ್ಟಿಯನ್ನು ಶ್ರದ್ಧೆಯಿಂದ ಪಾಲಿಸುತ್ತಿದ್ದರು. ಹೆಚ್ಚು ಶ್ರದ್ಧೆಯಿಂದ ಕಲಿತವನೇ ಹೆಚ್ಚು ನಂಜನ್ನು ಕೈಯಲ್ಲಿ ಹೊತ್ತು ತಂದಿರಬೇಕು! ದೋಷವಿದ್ದದ್ದು ಕಲಿಸುವ ಏರ್ಪಾಟಿನಲ್ಲಿ. ನಮ್ಮ ನರ್ಸಿಂಗ್ ವಿದ್ಯಾರ್ಥಿಗಳು ಕೈ ತೊಳೆಯುವುದಿಲ್ಲವೆಂದು ದೂರುವವರು ಈ ಮಾತನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ಏಕೆಂದರೆ ಈ ವಿದ್ಯಾರ್ಥಿಗಳಿಗೆ ವಿಷಯ ಗೊತ್ತಿಲ್ಲವೆಂದು ಹೇಳುವಂತಿಲ್ಲ. ನಾಲ್ಕು ವರ್ಷದ ಬಿ.ಎಸ್ಸಿ. ಇರಲಿ, ಮೂರು ವರ್ಷದ ಜಿ.ಎನ್.ಎಂ. ಇರಲಿ, ಮೊದಲ ವರ್ಷದ ಮೊದಲ ಪಾಠಗಳಲ್ಲಿಯೇ ಕೈ ತೊಳೆಯುವ ಕ್ರಮ ಬರುತ್ತದೆ. ಯಾವ ವಿದ್ಯಾರ್ಥಿಯನ್ನು ಕೇಳಿದರೂ ಐದು ಸಂದರ್ಭಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ: ರೋಗಿಯನ್ನು ಮುಟ್ಟುವ ಮುನ್ನ, ಸೂಜಿ ಚುಚ್ಚುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಮೊದಲಾದ ಶುದ್ಧ ಕ್ರಿಯೆಗಳ ಮುನ್ನ, ರಕ್ತ, ಮೂತ್ರ ಮುಂತಾದವು ತಗಲಿರಬಹುದಾದ ಕೆಲಸದ ನಂತರ, ರೋಗಿಯನ್ನು ಮುಟ್ಟಿದ ನಂತರ, ರೋಗಿಯ ಮಂಚ, ಮೇಜು, ಸಲೈನ್ ಕಂಬ ಇತ್ಯಾದಿಗಳನ್ನು ಮುಟ್ಟಿದ ನಂತರ. ಪ್ರಯೋಗಾಲಯದಲ್ಲಿ ನಲ್ಲಿಯ ಮುಂದೆ ನಿಲ್ಲಿಸಿದರೆ ಅಂಗೈ, ಮುಂಗೈ, ಬೆರಳ ಸಂದು, ಹೆಬ್ಬೆರಳು, ಬೆರಳ ತುದಿ ಎಂದು ಒಂದೂ ಬಿಡದೆ ಉಜ್ಜಿ ತೋರಿಸುತ್ತಾರೆ. ಪರೀಕ್ಷಕರು ಪೂರ್ಣ ಅಂಕ ಕೊಡುತ್ತಾರೆ.

ಇನ್ನು ವಾರ್ಡನ್ನು ನೋಡೋಣ. ಬೆಳಗಿನ ಏಳೂವರೆ ಗಂಟೆ. ಮೂವತ್ತು ಮಂಚಗಳ ಸಾಲು, ನೆಲದ ಮೇಲೆ ಚಾಪೆ ಹಾಸಿಕೊಂಡ ಬಂಧುಗಳು. ನಲ್ಲಿಯಿರುವುದು ವಾರ್ಡಿನ ಕೊನೆಯಲ್ಲಿ, ಶೌಚಾಲಯದ ಮಗ್ಗುಲಲ್ಲಿ. ಅಲ್ಲಿ ನೀರಿನಲ್ಲಿ ನೆನೆದು ಮೆತ್ತಗಾದ ಒಂದು ಸೋಪಿನ ಚೂರು. ಒರೆಸಿಕೊಳ್ಳಲು ನಿನ್ನೆಯಿಂದ ಹತ್ತಾರು ಕೈಗಳನ್ನು ಕಂಡ ಒಂದು ಒದ್ದೆ ಟವೆಲ್ಲು. ಗೋಡೆಯ ಮೇಲೆ ಕೈ ತೊಳೆಯುವ ಹಂತಗಳ ಬಣ್ಣದ ಚಿತ್ರಪಟವಂತೂ ಇದ್ದೇ ಇದೆ. ಹದಿನೆಂಟು ವರ್ಷದ ವಿದ್ಯಾರ್ಥಿನಿಯೊಬ್ಬಳಿಗೆ ಇಪ್ಪತ್ತು ರೋಗಿಗಳ ಜ್ವರ, ನಾಡಿ, ರಕ್ತದೊತ್ತಡ ನೋಡಿ ಬರೆಯುವ ಕೆಲಸ. ವೈದ್ಯರ ಸುತ್ತು ಎಂಟೂವರೆಗೆ. ಲೆಕ್ಕ ಹಾಕಿ ನೋಡಿರಿ. ಒಬ್ಬ ರೋಗಿಯನ್ನು ಬಿಟ್ಟು ಮತ್ತೊಬ್ಬನ ಬಳಿಗೆ ಹೋಗುವಾಗ ಒಂದೊಂದು ಸಲ ಎಂದರೂ ಕನಿಷ್ಠ ಇಪ್ಪತ್ತು ಸಲ ಕೈ ಶುಚಿಯಾಗಬೇಕು. ಸೋಪು ನೀರಿನಿಂದ ಸರಿಯಾಗಿ ತೊಳೆಯಲು 40ರಿಂದ 60 ಸೆಕೆಂಡು ಬೇಕು. ನಲ್ಲಿಯವರೆಗೆ ಹೋಗಿ ಬಂದು ಒರೆಸಿಕೊಳ್ಳುವುದೂ ಸೇರಿದರೆ ಎರಡು ನಿಮಿಷ. ಇಪ್ಪತ್ತು ರೋಗಿಗಳಿಗೆ ನಲವತ್ತು ನಿಮಿಷ! ಉಳಿದ ಇಪ್ಪತ್ತು ನಿಮಿಷದಲ್ಲಿ ಇಪ್ಪತ್ತು ರೋಗಿಗಳನ್ನು ನೋಡಿ ಬರೆದು ಮುಗಿಸುವವರನ್ನು ನಾವು ಇದುವರೆಗೆ ಕಂಡಿಲ್ಲ. ಅವಳು ಯಾವುದನ್ನು ಬಿಡುತ್ತಾಳೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಬರೆಯದಿದ್ದರೆ ಬೈಗುಳ ತಪ್ಪದು. ತೊಳೆಯದಿದ್ದರೆ ಕೇಳುವವರಿಲ್ಲ.

ಅದೇ ಮಂಚದ ತಲೆದೆಸೆಯಲ್ಲಿ ಆಲ್ಕೊಹಾಲ್ ದ್ರಾವಣದ ಸೀಸೆಯೊಂದು ತೂಗುತ್ತಿದ್ದರೆ ಒಂದು ಸಲಕ್ಕೆ 20ರಿಂದ 30 ಸೆಕೆಂಡು ಸಾಕು, ಇಪ್ಪತ್ತು ಸಲಕ್ಕೆ ಹತ್ತು ನಿಮಿಷ. ಮುಂದಿನ ರೋಗಿಯತ್ತ ನಡೆಯುತ್ತಲೇ ಉಜ್ಜಿಕೊಳ್ಳಬಹುದು. ನೀರು ಬೇಡ, ಟವೆಲ್ಲು ಬೇಡ. ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾಯುವ ನಮ್ಮ ಬಯಲುಸೀಮೆಯ ಆಸ್ಪತ್ರೆಗಳಿಗೆ ಇದಕ್ಕಿಂತ ಹೊಂದುವ ಉಪಾಯ ಇನ್ನೊಂದಿಲ್ಲ. ಸ್ವಿಟ್ಜರ್ಲೆಂಡಿನ ಜಿನೀವಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಡಿಡಿಯೆ ಪಿಟ್ಟೆ ಎಂಬ ವೈದ್ಯರ ಮುಂದಾಳುತನದಲ್ಲಿ ನಡೆದ ಕಾರ್ಯ ಇದಕ್ಕೆ ಸಾಕ್ಷಿ. ಮಂಚದ ಬಳಿಯೇ ದ್ರಾವಣ ಒದಗಿಸಿ, ಆಡಳಿತದವರೂ ಬೆಂಬಲವಾಗಿ ನಿಂತು, ಅಳತೆಯ ಫಲವನ್ನು ಸಿಬ್ಬಂದಿಗೆ ತಿಳಿಸುತ್ತ ಹೋದಾಗ, ಕೈ ಶುಚಿಗೊಳಿಸಿಕೊಳ್ಳುವ ಪ್ರಮಾಣ 1994ರಲ್ಲಿ ನೂರಕ್ಕೆ 48 ಇದ್ದದ್ದು 1997ಕ್ಕೆ 66 ಆಯಿತು. ಆಸ್ಪತ್ರೆಯ ಸೋಂಕು ನೂರಕ್ಕೆ 16.9ರಿಂದ 9.9ಕ್ಕೆ ಇಳಿಯಿತು. ಅಲ್ಲಿಯೂ ಅದು ನೂರಕ್ಕೆ ನೂರಾಗಲಿಲ್ಲ ಎಂಬುದನ್ನು ಗಮನಿಸಬೇಕು. ಮನುಷ್ಯರು ಮನುಷ್ಯರೇ. ಆದರೂ ಇಳಿದ ಆ ಏಳು ಎಂಬ ಅಂಕಿಯ ಹಿಂದೆ ಮನೆಗೆ ನಡೆದುಹೋದ ರೋಗಿಗಳಿದ್ದಾರೆ.

ದ್ರಾವಣವೇ ಸರ್ವಸ್ವವೆಂದು ಯಾರೂ ತಿಳಿಯಬಾರದು. ಕೈಗೆ ಕಣ್ಣಿಗೆ ಕಾಣುವಂತೆ ರಕ್ತವೋ ಕೊಳೆಯೋ ಅಂಟಿದ್ದರೆ ಸೋಪು ನೀರೇ ಆಗಬೇಕು. ಕೆಲವು ಬಗೆಯ ಭೇದಿಯನ್ನು ತರುವ ಸೂಕ್ಷ್ಮಾಣುಗಳು ಗಟ್ಟಿ ಕವಚದ ಬೀಜಕಣಗಳಾಗಿ ಉಳಿಯುತ್ತವೆ. ಆಲ್ಕೊಹಾಲು ಅವುಗಳನ್ನು ಕೊಲ್ಲಲಾರದು, ಉಜ್ಜಿ ತೊಳೆದು ನೀರಿನಲ್ಲಿ ಹರಿಯಬಿಡಬೇಕು.

ಇಲ್ಲಿ ಕೈಯ ಬಗ್ಗೆ ಸ್ವಲ್ಪ. ನಮ್ಮ ಚರ್ಮದ ಮೇಲೆ ಎರಡು ಬಗೆಯ ಸೂಕ್ಷ್ಮಾಣುಗಳು ಇರುತ್ತವೆ. ಚರ್ಮದ ಆಳದಲ್ಲಿ ಮನೆ ಮಾಡಿಕೊಂಡ ಖಾಯಂ ನಿವಾಸಿಗಳು ಒಂದು. ಮುಟ್ಟಿದಾಗ ಅಂಟಿಕೊಂಡು ಮತ್ತೊಂದನ್ನು ಮುಟ್ಟಿದಾಗ ಇಳಿದುಹೋಗುವ ದಾರಿಹೋಕರು ಇನ್ನೊಂದು. 1938ರಷ್ಟು ಹಿಂದೆಯೇ ಈ ವಿಂಗಡಣೆಯನ್ನು ಗುರುತಿಸಲಾಗಿತ್ತು. ಆಸ್ಪತ್ರೆಯಲ್ಲಿ ಒಬ್ಬರಿಂದ ಒಬ್ಬರಿಗೆ ಹರಡುವವರು ಬಹುಮಟ್ಟಿಗೆ ಈ ದಾರಿಹೋಕರು, ಮತ್ತು ಸುಲಭವಾಗಿ ತೊಳೆದುಹೋಗುವವರೂ ಇವರೇ. ತೊಳೆಯುವಾಗ ತಪ್ಪಿಹೋಗುವ ಜಾಗಗಳೂ ತಿಳಿದಿವೆ. ಇಂಗ್ಲೆಂಡಿನಲ್ಲಿ ದಾದಿಯರನ್ನು ಪರೀಕ್ಷಿಸಿ 1978ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಹೆಬ್ಬೆರಳು, ಬೆರಳ ತುದಿ, ಬೆರಳ ಸಂದುಗಳು ಹೆಚ್ಚಾಗಿ ಉಳಿದುಬಿಡುತ್ತವೆ ಎಂದು ತೋರಿಸಿತು. ರೋಗಿಯ ನಾಡಿ ಹಿಡಿಯುವುದು ಬೆರಳ ತುದಿ. ಸೂಜಿಯ ಬುಡವನ್ನು ಹಿಡಿಯುವುದು ಹೆಬ್ಬೆರಳು. ಕೆಲಸ ಮಾಡುವ ಜಾಗವೇ ಕೊಳೆ ಉಳಿಯುವ ಜಾಗವಾಗಿದೆ. ಕತ್ತಲಲ್ಲಿ ಹೊಳೆಯುವ ಲೇಪನ ಹಚ್ಚಿ, ಕೈ ತೊಳೆಸಿ, ನೇರಳಾತೀತ ದೀಪದಡಿ ಹಿಡಿಸಿದರೆ ವಿದ್ಯಾರ್ಥಿಗಳು ತಮ್ಮ ಹೆಬ್ಬೆರಳು ಮಿನುಗುವುದನ್ನು ಕಂಡು ಬೆಚ್ಚುತ್ತಾರೆ. ಹತ್ತು ಉಪನ್ಯಾಸಗಳಿಗೆ ಈ ಒಂದು ದೀಪ ಸಮ. ಬೆಲೆಯೂ ದೊಡ್ಡದಲ್ಲ.

ಉಂಗುರ, ಬಳೆ, ಕೈಗಡಿಯಾರ, ಮುಂಗೈಗೆ ಕಟ್ಟಿದ ದಾರ ಇವುಗಳ ಅಡಿಯಲ್ಲಿಯೂ ಸೂಕ್ಷ್ಮಾಣುಗಳು ನೆಲೆಯೂರುತ್ತವೆ. ನಿಶ್ಚಿತಾರ್ಥದ ಉಂಗುರವನ್ನು ತೆಗೆಯುವುದು ಅಪಶಕುನವೆಂದು ತಾಯಂದಿರು ಮಗಳಿಗೆ ಹೇಳಿ ಕಳುಹಿಸುತ್ತಾರೆ. ಮಗಳು ವಾರ್ಡಿನಲ್ಲಿ ತಾಯಿಯ ಮಾತಿಗೂ ಬೋಧಕರ ಮಾತಿಗೂ ನಡುವೆ ಸಿಲುಕುತ್ತಾಳೆ. ಕೆಲಸದ ವೇಳೆಯಲ್ಲಿ ಉಂಗುರವನ್ನು ಸರದಲ್ಲಿ ಪೋಣಿಸಿ ಉಡುಪಿನ ಒಳಗೆ ಇರಿಸಿಕೊಳ್ಳಲು ಅಡ್ಡಿಯಿಲ್ಲ. ಇದನ್ನು ಮನೆಯವರೇ ಹೇಳಿಬಿಟ್ಟರೆ ಅರ್ಧ ತೊಡಕು ಬಿಡಿಸಿದಂತೆ.

ಇವೆಲ್ಲಕ್ಕಿಂತ ಆಳವಾದ ಸಂಗತಿಯೊಂದಿದೆ. 2010ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ, ಅದುವರೆಗಿನ 96 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ರೋಗಿಯನ್ನು ಮುಟ್ಟಿದ ನಂತರ ಕೈ ಶುಚಿಗೊಳಿಸಿಕೊಂಡವರ ಪ್ರಮಾಣ ನೂರಕ್ಕೆ 47. ಮುಟ್ಟುವ ಮುನ್ನ ಶುಚಿಗೊಳಿಸಿಕೊಂಡವರದು 21. ದಾದಿಯರು ವೈದ್ಯರಿಗಿಂತ ಮೇಲೆಂಬ ಸಂಗತಿಯೂ ಅದರಲ್ಲಿ ಕಂಡಿತು, ಅದು ಬೇರೆ ಮಾತು. ಮುಟ್ಟಿದ ಮೇಲೆ ತೊಳೆಯುವುದು ತನಗಾಗಿ. ಮುಟ್ಟುವ ಮುನ್ನ ತೊಳೆಯುವುದು ಎದುರಿನವರಿಗಾಗಿ. ಆ ಎರಡು ಅಂಕಿಗಳ ನಡುವಿನ ಅಂತರದಲ್ಲಿ ಮನುಷ್ಯಸ್ವಭಾವವೇ ಅಡಗಿದೆ. ಅಮೆರಿಕದ ಆಡಂ ಗ್ರ್ಯಾಂಟ್ ಮತ್ತು ಡೇವಿಡ್ ಹಾಫ್‌ಮನ್ ಎಂಬ ಸಂಶೋಧಕರು 2011ರಲ್ಲಿ ಇದಕ್ಕೆ ಪೂರಕವಾದ ಒಂದು ಸೊಗಸಾದ ಪ್ರಯೋಗವನ್ನು ವರದಿ ಮಾಡಿದರು. ಆಸ್ಪತ್ರೆಯ ಸೋಪಿನ ಪೆಟ್ಟಿಗೆಗಳ ಬಳಿ ಬೇರೆ ಬೇರೆ ಫಲಕ ಹಾಕಿದರು. ಕೈ ಶುಚಿಯಿದ್ದರೆ ನಿಮಗೆ ರೋಗ ತಗಲದು ಎಂಬ ಅರ್ಥದ್ದು ಒಂದು. ರೋಗಿಗಳಿಗೆ ರೋಗ ತಗಲದು ಎಂಬ ಅರ್ಥದ್ದು ಇನ್ನೊಂದು. ಮೊದಲನೆಯದರಿಂದ ಹೆಚ್ಚಿನ ಬದಲಾವಣೆ ಆಗಲಿಲ್ಲ. ರೋಗಿಯನ್ನು ನೆನಪಿಸಿದ ಫಲಕದ ಬಳಿ ಸೋಪಿನ ಬಳಕೆ ಎದ್ದು ಕಾಣುವಂತೆ ಏರಿತು. ತನ್ನ ಭಯವನ್ನು ಮರೆಯುವ ಮನುಷ್ಯ ಇನ್ನೊಬ್ಬರ ನೋವನ್ನು ನೆನಪಿಸಿದರೆ ಎಚ್ಚರಗೊಳ್ಳುತ್ತಾನೆ. ನಮ್ಮ ಕಾಲೇಜುಗಳ ಭಿತ್ತಿಪತ್ರಗಳಲ್ಲಿ ನಿಮ್ಮ ರಕ್ಷಣೆ ನಿಮ್ಮ ಕೈಯಲ್ಲಿ ಎಂಬ ಬಗೆಯ ಬರಹವೇ ತುಂಬಿರುವುದನ್ನು ಕಂಡಾಗ ನಮಗೆ ಈ ಪ್ರಯೋಗ ನೆನಪಾಗುತ್ತದೆ.

ನಮ್ಮ ಸಮಾಜದಲ್ಲಿ ಈ 'ನಂತರ ತೊಳೆಯುವ' ಅಭ್ಯಾಸಕ್ಕೆ ಮತ್ತೊಂದು ಬೇರಿದೆ. ರೋಗಿಯ ಮೈ, ಬಾಣಂತಿಯ ಮೈ, ಹೆಣ, ಎಂಜಲು ಇವೆಲ್ಲ ಮೈಲಿಗೆಯೆಂದೂ ಮುಟ್ಟಿದರೆ ತೊಳೆದುಕೊಳ್ಳಬೇಕೆಂದೂ ತಲೆತಲಾಂತರದಿಂದ ಕಲಿತು ಬಂದಿದ್ದೇವೆ. ಒಂದು ಕಾಲಕ್ಕೆ ದಾದಿಯ ವೃತ್ತಿಯನ್ನೇ ಕೀಳಾಗಿ ಕಂಡದ್ದಕ್ಕೂ ಇದೇ ಕಾರಣ. ಶರಣರು ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳನ್ನು ನಿರಾಕರಿಸಿದರೆಂಬುದು ನಮ್ಮ ಓದುಗರಿಗೆ ಹೊಸದಲ್ಲ. ಸೂತಕವಿಲ್ಲವೆಂದ ಮೇಲೆ ತೊಳೆಯುವುದೇಕೆ ಎಂದು ಕೆಲವರು ವಾದಕ್ಕೆ ಕೇಳುವುದುಂಟು. ಮೈಲಿಗೆಯ ಎಣಿಕೆಯಲ್ಲಿ ಹೊಲಸು ಇರುವುದು ರೋಗಿಯಲ್ಲಿ, ಅದರಿಂದ ನಾನು ಕಾಪಾಡಿಕೊಳ್ಳಬೇಕು. ವೈದ್ಯಶಾಸ್ತ್ರದ ಎಣಿಕೆಯಲ್ಲಿ ಅಪಾಯವಿರುವುದು ನನ್ನ ಕೈಯಲ್ಲಿ, ಅದರಿಂದ ರೋಗಿಯನ್ನು ಕಾಪಾಡಬೇಕು. ಎರಡರಲ್ಲಿಯೂ ನೀರು ಒಂದೇ, ಸೋಪು ಒಂದೇ. ಭಾವ ಮಾತ್ರ ತಿರುಗುಮುರುಗು. ಐದು ಸಂದರ್ಭಗಳಲ್ಲಿ ಮೊದಲೆರಡನ್ನು ವಿದ್ಯಾರ್ಥಿಗಳಿಗೆ ಮನದಟ್ಟು ಮಾಡಬೇಕಾದರೆ ಬೋಧಕರು ಈ ಮಾತನ್ನು ಬಿಚ್ಚಿ ಹೇಳಲೇಬೇಕು. ಪಠ್ಯದಲ್ಲಿ ಇದು ಇರುವುದಿಲ್ಲ.

ಕೈಗವಸಿನ ಕಥೆಯೂ ಇದೇ ಜಾತಿಯದು. ಕೋವಿಡ್ ಕಾಲದ ನಂತರ ಗ್ಲೌಸು ಧರಿಸುವುದು ಹೆಚ್ಚಿದೆ, ಸಂತೋಷ. ಆದರೆ ಅದೇ ಗ್ಲೌಸಿನಲ್ಲಿ ಮೂತ್ರದ ಚೀಲ ಖಾಲಿ ಮಾಡಿ, ಫೈಲು ಬರೆದು, ಬಾಗಿಲ ಹಿಡಿ ತಿರುಗಿಸಿ, ಜೇಬಿನ ಮೊಬೈಲು ತೆಗೆದು, ಪಕ್ಕದ ಮಂಚದವರ ಸಲೈನು ನೋಡುವವರನ್ನು ನಾವು ಕಾಣುತ್ತಲೇ ಇದ್ದೇವೆ. ಧರಿಸಿದವರ ಕೈ ಚೊಕ್ಕಟವಾಗಿಯೇ ಉಳಿಯುತ್ತದೆ, ಉಳಿದವರ ಗತಿ ಮಾತ್ರ ಮೊದಲಿನಂತೆಯೇ. ಗ್ಲೌಸು ಹಾಕುವ ಮುನ್ನ ಕೈ ಶುಚಿಯಾಗಬೇಕು, ತೆಗೆದ ಮೇಲೂ ಆಗಬೇಕು.

ಇನ್ನು ಹಿರಿಯರ ಮಾತು. ವಿದ್ಯಾರ್ಥಿಗೆ ವಾರ್ಡಿನಲ್ಲಿ ಇಬ್ಬರು ಗುರುಗಳು: ಕಾಲೇಜಿನಿಂದ ಜೊತೆಗೆ ಬಂದ ಬೋಧಕರು ಮತ್ತು ಅಲ್ಲಿಯೇ ಕೆಲಸ ಮಾಡುವ ಹಿರಿಯ ಸಿಸ್ಟರು. ಮೊದಲಿನವರ ಕೈಯಲ್ಲಿ ಅಂಕವಿದೆ, ಎರಡನೆಯವರ ಕೈಯಲ್ಲಿ ಅಂದಿನ ದಿನವಿದೆ. ವಿದ್ಯಾರ್ಥಿ ಕಲಿಯುವುದು ಎರಡನೆಯವರಿಂದ. "ಅದೆಲ್ಲ ಪರೀಕ್ಷೆಗೆ ಇಟ್ಟುಕೋ ತಂಗಿ, ಇಲ್ಲಿ ಬೇಗ ಬೇಗ ಕೈ ಓಡಿಸು" ಎಂಬ ಒಂದು ಮಾತು ಒಂದು ಇಡೀ ವರ್ಷದ ಪಾಠವನ್ನು ತೊಳೆದುಹಾಕಬಲ್ಲದು. ಅಮೆರಿಕದಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಅನುಭವವನ್ನು ಅಳೆದು ತೋರಿಸಿದೆ. ಕೋಣೆಯಲ್ಲಿ ಇದ್ದ ಹಿರಿಯರು ಕೈ ತೊಳೆಯದಿದ್ದಾಗ ಜೊತೆಗಿದ್ದವರು ತೊಳೆಯುವ ಸಂಭವ ಬಹಳ ಕಡಿಮೆಯಾಗುತ್ತಿತ್ತು. ಅದೇ ಆಸ್ಪತ್ರೆ ಹೊಸ ಕಟ್ಟಡಕ್ಕೆ ಹೋಗಿ ನಲ್ಲಿಗಳು ಹೆಚ್ಚು ಹತ್ತಿರವಾದರೂ ಕೈ ತೊಳೆಯುವುದು ಹೆಚ್ಚಲಿಲ್ಲ, ಇಳಿಯಿತು. ಸೀಸೆಯನ್ನು ಒದಗಿಸಿರೆಂದು ಮೇಲೆ ಕೇಳಿದ ನಾವು ಇದನ್ನೂ ಹೇಳದಿದ್ದರೆ ಅರ್ಧ ಸತ್ಯ ಹೇಳಿದಂತಾಗುತ್ತಿತ್ತು. ಸೀಸೆಯೂ ಬೇಕು, ಅದನ್ನು ಒತ್ತುವ ಹಿರಿಯ ಕೈಯೂ ಬೇಕು.

ಆದ್ದರಿಂದ ಅಂಕದ ಪದ್ಧತಿಯನ್ನು ಬದಲಿಸಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ. ಪ್ರಯೋಗಾಲಯದ ಐದು ನಿಮಿಷದ ಪ್ರದರ್ಶನಕ್ಕೆ ಕೊಡುವ ಅಂಕವನ್ನು ವಾರ್ಡಿನ ಅಭ್ಯಾಸಕ್ಕೆ ಕೊಡಲಿ. ಯಾರಾದರೂ ನೋಡುತ್ತಿದ್ದರೆ ಎಲ್ಲರೂ ತೊಳೆಯುತ್ತಾರೆ ಎಂಬುದು ನಿಜ. ಅದಕ್ಕಾಗಿಯೇ ಒಂದು ದಿನ ಪಟ್ಟಿ ಹಿಡಿದು ನಿಂತು ಲೆಕ್ಕ ಹಾಕುವುದಕ್ಕಿಂತ, ತಿಂಗಳಿಗೆ ಎಷ್ಟು ದ್ರಾವಣ ಖರ್ಚಾಯಿತೆಂದು ಅಳೆಯುವುದು ಲೇಸು. ಸೀಸೆ ಸುಳ್ಳು ಹೇಳುವುದಿಲ್ಲ. ಮೂವತ್ತು ಮಂಚದ ವಾರ್ಡಿನಲ್ಲಿ ತಿಂಗಳಿಗೊಂದು ಸೀಸೆಯೂ ಮುಗಿಯದಿದ್ದರೆ ದಾಖಲೆ ಪುಸ್ತಕದಲ್ಲಿ ಏನೇ ಬರೆದಿರಲಿ, ನಡೆದದ್ದೇನೆಂಬುದು ಸ್ಪಷ್ಟ. ಮತ್ತು ಆ ಲೆಕ್ಕ ವಿದ್ಯಾರ್ಥಿಗಳದ್ದಷ್ಟೇ ಆಗಬಾರದು. ವೈದ್ಯರು, ಸಿಸ್ಟರುಗಳು, ಬೋಧಕರು ಎಲ್ಲರದೂ ಅದರಲ್ಲಿ ಸೇರಲಿ.

ಮಠಗಳೂ ಧರ್ಮದತ್ತಿಗಳೂ ನಡೆಸುವ ಆಸ್ಪತ್ರೆ ಮತ್ತು ನರ್ಸಿಂಗ್ ಕಾಲೇಜುಗಳು ನಮ್ಮ ನಾಡಿನಲ್ಲಿ ಹಲವಿವೆ. ಹಳ್ಳಿಯ ರೈತರ, ಕೂಲಿಕಾರರ ಮಕ್ಕಳು, ಮನೆತನದಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲೇರಿದವರು, ಅಲ್ಲಿ ಕಲಿಯುತ್ತಿದ್ದಾರೆ. ಹಿರಿಯರ ಎದುರು ಬಾಯಿ ಎತ್ತಿ ಮಾತನಾಡುವುದು ಇವರಿಗೆ ಸುಲಭವಲ್ಲ. ವಾರ್ಡಿನಲ್ಲಿ ದ್ರಾವಣವಿಲ್ಲವೆಂದು ಅವರು ದೂರು ಕೊಡುತ್ತಾರೆಂದು ಕಾಯುವುದು ತರವಲ್ಲ. ದ್ರಾವಣವಿಲ್ಲದ ವಾರ್ಡಿಗೆ ವಿದ್ಯಾರ್ಥಿಗಳನ್ನು ಕಳುಹಿಸುವುದಿಲ್ಲವೆಂದು ಪ್ರಾಂಶುಪಾಲರೇ ನಿಲ್ಲಬೇಕು. ಬೆಲೆಯ ನೆಪ ನಿಲ್ಲದು. ವಿಶ್ವ ಆರೋಗ್ಯ ಸಂಸ್ಥೆಯು ದ್ರಾವಣ ತಯಾರಿಸುವ ಸೂತ್ರವನ್ನೇ ಬಹಿರಂಗವಾಗಿ ಕೊಟ್ಟಿದೆ: ಎಥನಾಲ್ ಅಥವಾ ಐಸೊಪ್ರೊಪೈಲ್ ಆಲ್ಕೊಹಾಲು, ಅಲ್ಪ ಪ್ರಮಾಣದಲ್ಲಿ ಹೈಡ್ರೋಜನ್ ಪೆರಾಕ್ಸೈಡು, ಚರ್ಮ ಒಡೆಯದಿರಲೆಂದು ಗ್ಲಿಸರೀನು, ಶುದ್ಧ ನೀರು. ಅನುಮತಿ ಪಡೆದು, ತರಬೇತಾದ ಔಷಧ ತಜ್ಞರಿರುವ ಆಸ್ಪತ್ರೆಗಳು ಇದನ್ನು ತಾವೇ ಸಿದ್ಧಪಡಿಸಿಕೊಳ್ಳಬಹುದು. ಗ್ಲಿಸರೀನಿನ ಮಾತು ಸಣ್ಣದಲ್ಲ. ಅಗ್ಗದ ಸೋಪಿನಲ್ಲಿ ದಿನಕ್ಕೆ ಹತ್ತಾರು ಸಲ ತೊಳೆದು ಚಳಿಗಾಲದಲ್ಲಿ ಬಿರಿದ ಕೈಗಳನ್ನು ಸೆರಗಿನಲ್ಲಿ ಮರೆಸಿಕೊಳ್ಳುವ ವಿದ್ಯಾರ್ಥಿನಿಯರನ್ನು ನೋಡಿದವರಿಗೆ ಅದರ ಬೆಲೆ ಗೊತ್ತು. ಬಿರಿದ ಚರ್ಮದಲ್ಲಿ ಸೂಕ್ಷ್ಮಾಣುಗಳು ಇನ್ನೂ ಹೆಚ್ಚು ನಿಲ್ಲುತ್ತವೆ.

ದಾನಿಗಳಲ್ಲಿಯೂ ಒಂದು ಬಿನ್ನಹ. ತಂದೆತಾಯಿಯರ ಸ್ಮರಣೆಗೆ ಮಂಚ, ಗಾಲಿಕುರ್ಚಿ, ಕೋಣೆ ಕಟ್ಟಿಸಿಕೊಡುವ ಸಂಪ್ರದಾಯ ನಮ್ಮಲ್ಲಿ ಚೆನ್ನಾಗಿ ಬೆಳೆದಿದೆ. ಹೆಸರಿನ ಹಲಗೆಯೂ ಏರುತ್ತದೆ. ಒಂದು ವಾರ್ಡಿಗೆ ವರ್ಷವಿಡೀ ಕೈ ದ್ರಾವಣದ ಖರ್ಚನ್ನು ಹೊರುತ್ತೇನೆಂದು ಯಾರಾದರೂ ಮುಂದೆ ಬಂದದ್ದನ್ನು ನಾವು ಅಪರೂಪಕ್ಕೂ ಕೇಳಿಲ್ಲ. ಅದಕ್ಕೆ ಹಲಗೆ ಹಾಕಲು ಜಾಗವಿಲ್ಲ, ನಿಜ. ದಾಸೋಹಕ್ಕೆ ಅಕ್ಕಿ ಕೊಟ್ಟವರ ಹೆಸರೂ ಅನ್ನದ ಮೇಲೆ ಬರೆದಿರುವುದಿಲ್ಲ.

ರೋಗಿಯ ಮನೆಯವರಾಗಿ ಆಸ್ಪತ್ರೆಗೆ ಹೋಗುವ ಭಕ್ತರು ಮಾಡಬಹುದಾದದ್ದೂ ಇದೆ. ನಮ್ಮಲ್ಲಿ ರೋಗಿಗೆ ಉಣಿಸುವುದು, ಮೈ ಒರೆಸುವುದು, ಮಗ್ಗುಲು ಬದಲಿಸುವುದು ಬಹುಪಾಲು ಮನೆಯವರೇ. ಅಂದಮೇಲೆ ಅವರೂ ಅರ್ಧ ದಾದಿಯರೇ. ಮಠದಿಂದ ತಂದ ವಿಭೂತಿಯನ್ನು ಹಣೆಗಿಡುವ ಮುನ್ನ, ಪ್ರಸಾದವನ್ನು ಬಾಯಿಗಿಡುವ ಮುನ್ನ ಕೈ ಶುಚಿಮಾಡಿಕೊಳ್ಳಿರಿ. ಕಟ್ಟಿದ ಪಟ್ಟಿಯನ್ನು ಎತ್ತಿ ನೋಡುವ ಕುತೂಹಲವನ್ನು ತಡೆದುಕೊಳ್ಳಿರಿ. ಪಕ್ಕದ ಮಂಚದವರನ್ನು ಮೈದಡವಿ ಸಂತೈಸಿ ಬಂದು, ಅದೇ ಕೈಯಿಂದ ನಿಮ್ಮವರ ಸೂಜಿಯ ಜಾಗವನ್ನು ಸವರಬೇಡಿರಿ. ವಿದ್ಯಾರ್ಥಿನಿಯೊಬ್ಬಳು ಮಂಚದ ಬಳಿ ನಿಂತು ಕೈ ಉಜ್ಜಿಕೊಳ್ಳುತ್ತಿದ್ದರೆ "ಏನಮ್ಮ, ಎಷ್ಟು ಹೊತ್ತು, ನಮ್ಮವರು ನರಳುತ್ತಿದ್ದಾರೆ" ಎಂದು ಗದರಬೇಡಿರಿ. ಆ ಅರ್ಧ ನಿಮಿಷ ನಿಮ್ಮವರಿಗಾಗಿಯೇ ಸಲ್ಲುತ್ತಿದೆ. ಕೈ ಶುಚಿಮಾಡಿಕೊಳ್ಳದೆ ಬಂದವರನ್ನು "ಸಿಸ್ಟರ್, ಕೈಗೆ ದ್ರಾವಣ ಹಚ್ಚಿಕೊಂಡಿರಾ?" ಎಂದು ನಯವಾಗಿ ಕೇಳಬಹುದು. ವೈದ್ಯರನ್ನೂ ಕೇಳಬಹುದು. ಕೇಳಿದ್ದಕ್ಕೆ ಸಿಡುಕುವವರು ಇರುತ್ತಾರೆ. ಹಿರಿಯರಿಗೆ ಹೇಳಲಾರದೆ ಪಕ್ಕದಲ್ಲಿ ನಿಂತ ವಿದ್ಯಾರ್ಥಿ ಮನಸ್ಸಿನಲ್ಲೇ ನಿಮಗೆ ಕೈ ಮುಗಿಯುತ್ತಾನೆ.

ಇನ್ನು ಕೆಲವು ತಿಂಗಳಲ್ಲಿ ನರ್ಸಿಂಗ್ ಪ್ರವೇಶದ ಕಾಲ ಬರುತ್ತದೆ. ಮಗಳನ್ನೋ ಮಗನನ್ನೋ ಸೇರಿಸಲು ಹೋಗುವ ತಂದೆತಾಯಿಯರು ಶುಲ್ಕವೆಷ್ಟು, ಹಾಸ್ಟೆಲಿನ ಊಟ ಹೇಗೆ, ಹೊರದೇಶದಲ್ಲಿ ಕೆಲಸ ಸಿಗುವುದೇ ಎಂದೆಲ್ಲ ವಿಚಾರಿಸುತ್ತಾರೆ. ಅದರ ಜೊತೆಗೆ, ಮಕ್ಕಳು ತರಬೇತಿಗೆ ಹೋಗುವ ಆಸ್ಪತ್ರೆಯ ಒಂದು ಸಾಮಾನ್ಯ ವಾರ್ಡಿನೊಳಕ್ಕೆ ಹತ್ತು ನಿಮಿಷ ನಡೆದು ಬನ್ನಿರಿ. ಮಂಚದ ಬಳಿ ದ್ರಾವಣದ ಸೀಸೆ ಇದೆಯೇ ನೋಡಿರಿ. ಇದ್ದರೆ ಒಮ್ಮೆ ಒತ್ತಿ ನೋಡಿರಿ. ಏನೂ ಬಾರದಿದ್ದರೆ ಹಿಂದಿರುಗಿ ಪ್ರಾಂಶುಪಾಲರ ಕೋಣೆಗೆ ಹೋಗಿ, ಪ್ರವೇಶದ ಅರ್ಜಿಗೆ ಸಹಿ ಹಾಕುವ ಮುನ್ನ ಅದನ್ನೇ ಕೇಳಿರಿ.